ಗೈಡು ಒಂದಿರಲಿ, ಮೂಲ ಕಾಯ್ದೆ ಕೈಯಲ್ಲಿರಲಿ

ಪ್ರೀತಿಯ ಪುಟ್ಟಿ,

ಲಾ ಓದಬೇಕೆಂದು ನೀನು ಕೊಳ್ಳಲು ಹೊರಟಿರುವ ಪುಸ್ತಕಗಳ ಪಟ್ಟಿ ನೋಡಿದೆ. ಎಲ್ಲವೂ ಗೈಡುಗಳೇ! ಅಪ್ಪನ ಹತ್ತಿರ ದುಡ್ಡು ಕೇಳುವ ಮೊದಲು ಈ ಕಾಗದವನ್ನು ಪೂರ್ತಿ ಓದು.

ಲಾ ಕಾಲೇಜು ಸೇರಲು ನೀನು ಬರೆಯಬೇಕಾದ ಕ್ಲ್ಯಾಟ್ ಪರೀಕ್ಷೆಯ ಸ್ವರೂಪವೇ 2020ರಿಂದ ಬದಲಾಗಿದೆ. ಉದ್ದನೆಯ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕಾನೂನಿನ ಪ್ರಶ್ನೆಗೆ ಬೇಕಾದ ನಿಯಮವೂ ಅಲ್ಲೇ ಇರುತ್ತದೆ. ಈಗ ಎರಡು ಗಂಟೆಗೆ 120 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಕಡಿತ. ಬಾಯಿಪಾಠ ಮಾಡಿದವರಿಗಿಂತ ನಿಧಾನವಾಗಿ, ಗಮನವಿಟ್ಟು ಓದಿ ಅಭ್ಯಾಸವಿದ್ದವರಿಗೆ ಇಲ್ಲಿ ಹೆಚ್ಚು ಅನುಕೂಲ. ಹಾಗಾಗಿ ಒಂದು ಗೈಡು ಸಾಕು. ಹಳೆಯ ಪ್ರಶ್ನೆಪತ್ರಿಕೆಗಳಿಗಂತೂ ದುಡ್ಡು ಕೊಡಲೇಬೇಡ, ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲೇ ಸಿಗುತ್ತವೆ.

ಉಳಿದ ದುಡ್ಡಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ ಬೇರ್ ಆ್ಯಕ್ಟ್ ಕೊಂಡುಕೋ. ಟೀಕೆ, ವ್ಯಾಖ್ಯಾನ ಏನೂ ಇಲ್ಲದ ಮೂಲ ಕಾಯ್ದೆಯ ಪುಸ್ತಕ ಅದು. 303ನೇ ಸೆಕ್ಷನ್ ತೆಗೆ, ಕಳ್ಳತನದ್ದು. ಇನ್ನೊಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು, ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ ಅಲುಗಿಸಿದರೂ ಸಾಕು, ಕಳ್ಳತನ ಎನ್ನುತ್ತದೆ. ಒಂದೊಂದು ಪದಕ್ಕೂ ಬೆರಳಿಟ್ಟು ಓದು. ಕೆಳಗೇ ಉದಾಹರಣೆಗಳಿವೆ. ಒಬ್ಬನ ಜಮೀನಿನ ಮರವನ್ನು ಇನ್ನೊಬ್ಬ ಒಯ್ಯಲೆಂದು ಕಡಿಯುತ್ತಾನೆ. ಮರ ನೆಲಕ್ಕೆ ಅಂಟಿಕೊಂಡಿರುವವರೆಗೆ ಅದು ಚರ ಸ್ವತ್ತಲ್ಲ, ಕಳ್ಳತನದ ಮಾತೇ ಇಲ್ಲ. ನೆಲದಿಂದ ಬೇರೆಯಾದ ಕ್ಷಣಕ್ಕೆ ಅಪರಾಧ ಪೂರ್ತಿ, ಗಾಡಿಗೆ ಹೇರುವವರೆಗೆ ಕಾಯಬೇಕಿಲ್ಲ. ಇಷ್ಟಾದ ಮೇಲೆ ನೀನೇ ಪ್ರಶ್ನೆ ಹಾಕಿಕೋ. ತನ್ನದೇ ಜಮೀನೆಂದು ಪ್ರಾಮಾಣಿಕವಾಗಿ ನಂಬಿ ಕಡಿದಿದ್ದರೆ? ಮರ ಗಾಳಿಗೆ ತಾನೇ ಉರುಳಿದ್ದರೆ? ಹೀಗೆ ಒಂದು ಸೆಕ್ಷನ್ನಿನ ಜೊತೆ ಒಂದು ಸಂಜೆ ಕಳೆದರೆ ಬರುವ ಓದಿನ ಹದ ಯಾವ ಗೈಡಿನಿಂದಲೂ ಬರುವುದಿಲ್ಲ. ನಾನು ಇದನ್ನು ತುಂಬಾ ನಂಬಿದ್ದೇನೆ, ಪುಟ್ಟಿ.

ಸೀನಿಯರ್‌ಗಳು ಕೊಡುವ ಹಳೆಯ ಪುಸ್ತಕಗಳ ಬಗ್ಗೆ ಎಚ್ಚರವಿರಲಿ. 1860ರ ದಂಡ ಸಂಹಿತೆಯ ಜಾಗಕ್ಕೆ ಹೊಸ ಸಂಹಿತೆ 2024ರ ಜುಲೈ 1ರಿಂದ ಬಂದಿದೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103 ಆಗಿದೆ, ವಂಚನೆಯ 420 ಈಗ 318ರಲ್ಲಿದೆ. ಮುದ್ರಣದ ವರ್ಷ ನೋಡದೆ ಕಾನೂನಿನ ಯಾವ ಪುಸ್ತಕವನ್ನೂ ಕೊಳ್ಳಬೇಡ.

ಹತ್ತನೆಯವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷ್ ಕೈಕೊಟ್ಟರೆ ಏನು ಗತಿ ಎಂದು ಅಳುಕುತ್ತಿದ್ದೀಯಂತೆ, ಅಮ್ಮ ಹೇಳಿದಳು. ಸಂವಿಧಾನವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎದುರುಬದುರು ಇಟ್ಟುಕೊಂಡು ಓದು. ಪೀಠಿಕೆ, ಆಮೇಲೆ ಮೂಲಭೂತ ಹಕ್ಕುಗಳಿರುವ ಮೂರನೇ ಭಾಗ, ಸದ್ಯಕ್ಕೆ ಅಷ್ಟು ಸಾಕು. ನಿನ್ನ ಭಾಷೆಯಲ್ಲಿ ಅರ್ಥವಾದದ್ದು ಆ ಭಾಷೆಯಲ್ಲೂ ಕೈಗೆ ಸಿಗುತ್ತದೆ.

ತೀರ್ಪುಗಳನ್ನೂ ಓದು. ಎಡನೀರು ಮಠದ ಸ್ವಾಮಿಗಳ ಪ್ರಕರಣ ಎಂಬ ಅಭಿಮಾನಕ್ಕೆ 1973ರ ಕೇಶವಾನಂದ ಭಾರತಿ ತೀರ್ಪಿಗೇ ಕೈಹಾಕಬೇಡ. ಹದಿಮೂರು ನ್ಯಾಯಮೂರ್ತಿಗಳು ಕೂತು ಕೊಟ್ಟ ತೀರ್ಪು, ನೂರಾರು ಪುಟ. ಅದು ಕಾಲೇಜು ಸೇರಿದ ಮೇಲಿರಲಿ. 1986ರ ಬಿಜೋ ಇಮ್ಯಾನುಯೆಲ್ ತೀರ್ಪಿನಿಂದ ಶುರುಮಾಡು. ಕೇರಳದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ತಮ್ಮ ಧರ್ಮದ ನಂಬಿಕೆಯ ಕಾರಣಕ್ಕೆ ಹಾಡಲಿಲ್ಲ. ಶಾಲೆಯಿಂದ ಹೊರಹಾಕಿದರು. ಹಾಡಲೇಬೇಕೆಂದು ಹೇಳುವ ಕಾನೂನು ಎಲ್ಲಿದೆ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಹುಡುಕುತ್ತಾ ಹೋಗುತ್ತಾರೆ. ಸುತ್ತೋಲೆ ಇದೆ, ಕಾನೂನು ಇಲ್ಲ. ಮಕ್ಕಳು ಗೆಲ್ಲುತ್ತಾರೆ. ಆ ಹುಡುಕಾಟದ ದಾರಿಯನ್ನು ಪೆನ್ಸಿಲ್ ಹಿಡಿದು ಗುರುತು ಮಾಡಿಕೊಳ್ಳುತ್ತಾ ಓದು, ವಾದ ಕಟ್ಟುವುದು ಹೇಗೆಂದು ಗೊತ್ತಾಗುತ್ತದೆ.

ಪುಸ್ತಕದ ದುಡ್ಡು ನಾನು ಕಳಿಸುತ್ತೇನೆ, ಅಪ್ಪನಿಗೆ ಹೇಳಬೇಡ. ಅದಕ್ಕೆ ಬದಲು ನನಗೊಂದು ಕೆಲಸ ಮಾಡಿಕೊಡು. 303ರಲ್ಲಿ, ಅಡವಿಟ್ಟ ತನ್ನದೇ ಗಡಿಯಾರವನ್ನು ಸಾಲ ತೀರಿಸದೆ ಎತ್ತಿಕೊಂಡು ಹೋದವನೂ ಕಳ್ಳ ಎಂಬ ಉದಾಹರಣೆಯಿದೆ. ಅದು ಸರಿಯೋ ತಪ್ಪೋ, ಯಾಕೆ ಎಂದು ಒಂದು ಪುಟ ಬರೆದು ಕಳಿಸು.

ನಿನ್ನ ಚಿಕ್ಕಮ್ಮ