ಟೈರಿನ ಗಾಳಿ ಬಿಟ್ಟ ಮೇಲೆ

ದುಬೈಗೆ ಬಂದ ನೆಂಟರನ್ನು ಮರಳು ತೋರಿಸದೆ ವಾಪಸು ಕಳಿಸುವುದೆಂದರೆ ಅಲ್ಲಿರುವ ನಮ್ಮವರಿಗೆ ದೊಡ್ಡ ಅವಮಾನ. ಬುರ್ಜ್ ಖಲೀಫಾದ ಬುಡದಲ್ಲಿ ನಿಲ್ಲಿಸಿ ಕತ್ತು ನೋಯಿಸಿಯಾಯಿತು, ಮೀನಾ ಬಜಾರಿನಲ್ಲಿ ಸೀರೆ ಕೊಡಿಸಿಯಾಯಿತು, ಕರಾಮಾದ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಿಸಿ ‘ಥೇಟ್ ನಮ್ಮೂರಿನ ರುಚಿ’ ಎಂದು ಬಾಯಿ ಬಿಟ್ಟು ಹೇಳಿಸಿಯೂ ಆಯಿತು. ಇನ್ನುಳಿದದ್ದು ಡೆಸರ್ಟ್ ಸಫಾರಿ. ಧಾರವಾಡದಿಂದ ಹೋದ ನಮ್ಮ ಮೌಶಿಗೂ ಜೊತೆಗೆ ಹೊರಟ ನನಗೂ ಅವರ ಮಗ ಸೋಫಾದ ಮೇಲೆ ಒರಗಿಕೊಂಡೇ ಫೋನಿನಲ್ಲಿ ಸೀಟು ಬುಕ್ ಮಾಡಿ ಒಂದೇ ಒಂದು ಸೂಚನೆ ಕೊಟ್ಟ: “ಮಧ್ಯಾಹ್ನ ಭಾಳ ಊಟ ಮಾಡಬ್ಯಾಡ್ರಿ.”

ಸಫಾರಿಯ ಬಗ್ಗೆ ಎಷ್ಟೋ ಪುಟ ಬರೆಯಬಹುದು, ಆದರೆ ಇದಕ್ಕಿಂತ ಉಪಯುಕ್ತವಾದ ಮಾತು ಬರೆಯುವುದು ಕಷ್ಟ.

ಗಾಡಿ ಬರುವುದು ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯೊಳಗೆ. ಶೇರಿಂಗ್ ಸೀಟಾದರೆ ಇನ್ನೂ ಎರಡು ಮೂರು ಹೋಟೆಲುಗಳ ಬಾಗಿಲು ತಟ್ಟಿ ಜನ ತುಂಬಿಕೊಂಡು ಹೊರಡುತ್ತದೆ. ಹೆಚ್ಚಾಗಿ ಲ್ಯಾಂಡ್ ಕ್ರೂಸರ್. ಡ್ರೈವರನನ್ನು ಬಿಟ್ಟು ಆರು ಜನ. ಹಿಂದಿನ ಸಾಲಿನಲ್ಲಿ ಕೂತವರಿಗೆ ಮುಂದೆ ಕೂತವರ ಮೇಲೆ ಸಿಟ್ಟು ಬರುವುದು ಸಹಜ, ಮರಳಿಗೆ ಇಳಿದ ಮೇಲೆ ಅದು ದ್ವೇಷಕ್ಕೆ ತಿರುಗುತ್ತದೆ. ಸೊಂಟ ನೋವಿನವರು ಮೊದಲೇ ಹೇಳಿ ಮಧ್ಯದ ಸಾಲು ಹಿಡಿಯುವುದು ಲೇಸು. ಗರ್ಭಿಣಿಯರು, ಹೃದಯದ ತೊಂದರೆಯವರು, ಬೆನ್ನಿಗೆ ಆಪರೇಶನ್ ಆದವರು ಮರಳಿನ ಕುಣಿತಕ್ಕೆ ಇಳಿಯಲೇಬಾರದು. ಅಂಥವರನ್ನು ನೆಟ್ಟಗೆ ಕ್ಯಾಂಪಿಗೆ ಮುಟ್ಟಿಸುವ ವ್ಯವಸ್ಥೆ ಇರುತ್ತದೆ, ಕೇಳಬೇಕಷ್ಟೆ.

ಸಂಜೆಯೇ ಯಾಕೆ ಎಂದು ಕೇಳುವವರು ಜುಲೈಯಲ್ಲಿ ಒಮ್ಮೆ ಅಲ್ಲಿಗೆ ಹೋಗಿ ನೋಡಬೇಕು. 45 ಡಿಗ್ರಿ ದಾಟಿದ ಬಿಸಿಲಿನಲ್ಲಿ ಚಪ್ಪಲಿ ಬಿಟ್ಟರೆ ಅಂಗಾಲು ಸುಡುತ್ತದೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಒಳ್ಳೆಯ ಕಾಲ. ಆದರೆ ಜನವರಿಯಲ್ಲಿ ಹೋಗುವವರಿಗೆ ‘ಸ್ವೆಟರ್ ಇಟ್ಟುಕೊಳ್ಳಿ’ ಎಂದರೆ ಯಾರೂ ನಂಬುವುದಿಲ್ಲ. ಮರಳು ಹಗಲೆಲ್ಲ ಕಾಯುತ್ತದೆ, ಸೂರ್ಯ ಮುಳುಗಿದ ಗಳಿಗೆಯಿಂದ ಆ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೇಲೆ ಮೋಡವಿಲ್ಲ, ತಡೆಯುವವರಿಲ್ಲ. ಎಂಟು ಗಂಟೆಗೆ ಹಲ್ಲು ಕಟಕಟ ಎನ್ನುವಾಗ ಸ್ವೆಟರಿನ ಮಾತು ನೆನಪಾಗುತ್ತದೆ.

ನಗರ ದಾಟಿ ಹತ್ತಾ ಕಡೆಗೆ ಹೋಗುವ ಹೆದ್ದಾರಿ ಹಿಡಿದರೆ ಲಹಬಾಬ್ ಬರುತ್ತದೆ. ಅಲ್ಲಿ ಮರಳು ಕೆಂಪು. ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ಪದರ ಕೂತಿರುವುದರಿಂದ ಆ ಬಣ್ಣ. ಸಂಜೆಯ ಬಿಸಿಲು ಬಿದ್ದರೆ ಇನ್ನಷ್ಟು ಗಾಢವಾಗುತ್ತದೆ. ಇಷ್ಟು ಮರಳು ಕಂಡಾಗ ನಮ್ಮವರ ತಲೆಗೆ ಮೊದಲು ಹೊಳೆಯುವುದು ಸೌಂದರ್ಯವಲ್ಲ, ಲಾರಿ. ಒಂದು ಲೋಡು ಉಸುಕಿನ ರೇಟು ಗೊತ್ತಿರುವ ಯಾವ ಕನ್ನಡಿಗನೂ ಈ ದಿಬ್ಬಗಳನ್ನು ನಿರ್ಲಿಪ್ತನಾಗಿ ನೋಡಲಾರ. ಆದರೆ ಇದರಿಂದ ಮನೆ ಕಟ್ಟಲು ಬರುವುದಿಲ್ಲ. ಸಾವಿರಾರು ವರ್ಷ ಗಾಳಿಯಲ್ಲಿ ಉರುಳಿ ಕಣಗಳು ದುಂಡಗೆ, ನುಣುಪಾಗಿವೆ. ಕಾಂಕ್ರೀಟಿಗೆ ಬೇಕಾದ ಒರಟು ಅಂಚು ಅವಕ್ಕಿಲ್ಲ. ಹಾಗಾಗಿ ಮರಳಿನ ಮೇಲೇ ಕೂತಿರುವ ಈ ದೇಶ ಕಟ್ಟಡಕ್ಕೆಂದು ಮರಳನ್ನು ಹೊರಗಿನಿಂದ ತರಿಸಿಕೊಂಡಿದೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ರಸ್ತೆ ಮುಗಿಯುವಲ್ಲಿ ಗಾಡಿ ನಿಲ್ಲುತ್ತದೆ. ಡ್ರೈವರ್ ಕೆಳಗಿಳಿದು ನಾಲ್ಕೂ ಟೈರಿನ ಗಾಳಿ ಬಿಡುತ್ತಾನೆ. ರಸ್ತೆಯ ಮೇಲೆ 35ರ ಆಸುಪಾಸು ಇದ್ದ ಒತ್ತಡ 15ರ ಸುತ್ತಮುತ್ತ ಬಂದು ನಿಲ್ಲುತ್ತದೆ. “ಪಂಕ್ಚರ್ ಮಾಡ್ಲಿಕ್ಹತ್ಯಾನ ಏನೋ ಇವಾ?” ಎಂದು ಮೌಶಿಗೆ ಗಾಬರಿ. ಗಾಳಿ ಇಳಿದ ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ಹೆಚ್ಚು ಜಾಗ ಹಿಡಿಯುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ಹೂಳುವುದಿಲ್ಲ. ಈ ಉಪಾಯಗಳನ್ನೆಲ್ಲ ಒಂದು ವಿದ್ಯೆಯನ್ನಾಗಿ ಮಾಡಿದವರಲ್ಲಿ ಮುಖ್ಯರು ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ. 1920ರ ದಶಕದ ಕೊನೆಗೆ ಈಜಿಪ್ಟಿನಲ್ಲಿದ್ದಾಗ ಉಳಿದ ಅಧಿಕಾರಿಗಳು ರಜೆಯಲ್ಲಿ ಪೋಲೋ ಆಡುತ್ತಿದ್ದರೆ ಇವರು ಗೆಳೆಯರನ್ನು ಕಟ್ಟಿಕೊಂಡು ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರುಭೂಮಿಗೆ ನುಗ್ಗುತ್ತಿದ್ದರು. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಹಲಗೆ ಕೊಡುವುದು, ಸೂರ್ಯನ ನೆರಳು ನೋಡಿ ದಿಕ್ಕು ಹಿಡಿಯುವುದು, ಎಲ್ಲವನ್ನೂ ಪಳಗಿಸಿದರು. ಆಮೇಲೆ ಕೂತು ಗಾಳಿ ಮರಳನ್ನು ಹೇಗೆ ಎತ್ತಿ ಒಯ್ಯುತ್ತದೆ ಎಂದು 1941ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮಂಗಳ ಗ್ರಹದ ಮರಳ ದಿಬ್ಬಗಳನ್ನು ಅಧ್ಯಯನ ಮಾಡುವವರೂ ಈಗ ಅದನ್ನು ತೆರೆದು ನೋಡುತ್ತಾರೆ. ರಜೆಯನ್ನು ಹೀಗೂ ಕಳೆಯಬಹುದು.

ಇನ್ನು ಕುಣಿತ. ಡ್ಯೂನ್ ಬ್ಯಾಶಿಂಗ್ ಎನ್ನುತ್ತಾರೆ. ದಿಬ್ಬಕ್ಕೆ ಗಾಳಿ ಬಡಿಯುವ ಮಗ್ಗುಲು ಸಣ್ಣ ಇಳಿಜಾರಾಗಿರುತ್ತದೆ. ಆಚೆಯ ಮಗ್ಗುಲು ಸುಮಾರು 33 ಡಿಗ್ರಿ ಕಡಿದು. ಅದಕ್ಕಿಂತ ಹೆಚ್ಚು ಕಡಿದಾಗಲು ಮರಳೇ ಒಪ್ಪುವುದಿಲ್ಲ, ಜಾರಿಬಿಡುತ್ತದೆ. ಡ್ರೈವರ್ ಸಣ್ಣ ಇಳಿಜಾರಿನ ಕಡೆಯಿಂದ ಏರಿ ನೆತ್ತಿಯಲ್ಲಿ ಒಂದು ಗಳಿಗೆ ತಡೆಯುತ್ತಾನೆ. ಮುಂದಿನ ಗಾಜಿನಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಮರುಕ್ಷಣ ಮರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಗಾಡಿ ಇಳಿಯುವಾಗ ಮರಳಿನ ಇಡೀ ಪದರವೂ ಜೊತೆಗೇ ಜಾರುತ್ತದೆ. ಆಮೇಲೆ ಓರೆಯಾಗಿ, ದಿಬ್ಬದ ಪಕ್ಕೆಗೆ ಅಂಟಿಕೊಂಡು ಓಡಿಸುತ್ತಾನೆ, ಕಿಟಕಿಯ ಗಾಜಿಗೆ ಮರಳು ರಪ್ಪೆಂದು ಬಡಿಯುತ್ತದೆ. ಅರ್ಧ ಗಂಟೆಯ ಆಟ. ಕಿವಿಯೊಳಗಿನ ಸಮತೋಲದ ಅಂಗ ‘ಕುಣಿಯುತ್ತಿದ್ದೇವೆ’ ಎನ್ನುತ್ತದೆ, ಫೋನಿನ ಪರದೆಗೆ ನೆಟ್ಟ ಕಣ್ಣು ‘ಸುಮ್ಮನೆ ಕೂತಿದ್ದೇವೆ’ ಎನ್ನುತ್ತದೆ. ಎರಡರ ಜಗಳಕ್ಕೆ ಹೊಟ್ಟೆ ದಂಡ ತೆರುತ್ತದೆ. ವಿಡಿಯೋ ಮಾಡುವವರೇ ಮೊದಲು ವಾಂತಿ ಮಾಡಿಕೊಳ್ಳುವುದು ಇದಕ್ಕೇ. ಅವೋಮಿನ್ ನುಂಗುವವರು ಹೊರಡುವ ಮೊದಲೇ ನುಂಗಬೇಕು, ದಿಬ್ಬದ ನೆತ್ತಿಯಲ್ಲಿ ಪರ್ಸು ತಡಕಾಡಿ ಪ್ರಯೋಜನವಿಲ್ಲ.

ಮೌಶಿ ಕಿರುಚಲಿಲ್ಲ. ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ನಾಲ್ಕನೆಯ ದಿಬ್ಬವೋ ಐದನೆಯದೋ ಇಳಿದಾಗ, ತಮ್ಮ ಧಾರವಾಡದ ಹಿಂದಿಯಲ್ಲಿ ಡ್ರೈವರನನ್ನು ಕೇಳಿದರು: ನೀನು ಈ ಕೆಲಸ ಮಾಡುತ್ತೀ ಎಂದು ನಿನ್ನ ತಾಯಿಗೆ ಗೊತ್ತಿದೆಯಾ? ಪೇಶಾವರದ ಹುಡುಗ ಅವನು. ನಕ್ಕು, “ಟ್ಯಾಕ್ಸಿ ಓಡಿಸ್ತೀನಿ ಅಂತ ಹೇಳಿದ್ದೇನೆ ಅಮ್ಮಾ” ಎಂದ. ಅಲ್ಲಿಂದ ಮುಂದೆ ಅವನ ಗೇರು ಸ್ವಲ್ಪ ಸಮಾಧಾನವಾಗಿ ಬೀಳತೊಡಗಿತು.

ಸೂರ್ಯ ಮುಳುಗುವ ಮೊದಲು ಫೋಟೋಕ್ಕೆಂದು ಒಂದು ನಿಲುಗಡೆ. ಜಾರುವ ಹಲಗೆಯ ಮೇಲೆ ಹುಡುಗರು ಇಳಿಯುತ್ತಾರೆ. ಇಳಿಯುವುದು ಅರ್ಧ ನಿಮಿಷ, ಹಲಗೆ ಹೊತ್ತು ಮೇಲೆ ಬರುವುದು ಐದು ನಿಮಿಷ. ನನ್ನನ್ನು ಕೇಳಿದರೆ ಇಡೀ ಸಂಜೆಯಲ್ಲಿ ದುಡ್ಡಿಗೆ ಸಾರ್ಥಕವಾದದ್ದು ಈ ನಿಲುಗಡೆ. ಯಾರೂ ಏನನ್ನೂ ಆಡಿ ತೋರಿಸುವುದಿಲ್ಲ. ಮರಳಿನ ಮೇಲೆ ಗಾಳಿ ಎಳೆದ ಗೆರೆಗಳ ನಡುವೆ ಜೀರುಂಡೆ ನಡೆದುಹೋದ ಹೆಜ್ಜೆ ಕಾಣುತ್ತದೆ. ಕೆಳಗಿನ ತಗ್ಗಿನಲ್ಲಿ ಒಂದೆರಡು ಮರಗಳಿದ್ದವು. ಮೌಶಿ ಹಲಗೆಯ ಹುಡುಗರನ್ನು ಬಿಟ್ಟು ಆ ಕಡೆಗೇ ಹೊರಟರು. ಸಣ್ಣ ಎಲೆ, ಮುಳ್ಳು, ಇಳಿಬಿದ್ದ ಟೊಂಗೆ. ಒಂದು ಟೊಂಗೆ ಬಗ್ಗಿಸಿ ನೋಡಿ, “ಅಯ್ಯ, ಇದು ಬನ್ನಿ ಗಿಡ ಅಲ್ಲೇನೋ!” ಎಂದರು.

ಬನ್ನಿಯೇ. ಅಲ್ಲಿಯವರು ಅದನ್ನು ಗಾಫ್ ಎನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಪ್ರೊಸೋಪಿಸ್ ಸಿನರೇರಿಯಾ ಎಂಬ ಒಂದೇ ಹೆಸರು. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟ ಶಮೀವೃಕ್ಷ, ವಿಜಯದಶಮಿಯಂದು ನಾವು ‘ಬಂಗಾರ’ ಎಂದು ಕೈಯಿಂದ ಕೈಗೆ ಕೊಡುವ ಎಲೆ, ಸಂಯುಕ್ತ ಅರಬ್ ಸಂಸ್ಥಾನದ ರಾಷ್ಟ್ರೀಯ ಮರ. ಬೇರು ಮೂವತ್ತು ಮೀಟರಿನ ಆಳಕ್ಕೂ ಇಳಿದು ನೀರು ಹುಡುಕುತ್ತದೆ. ಬೆದೂಯಿನರು ಒಂಟೆ, ಆಡುಗಳಿಗೆ ಇದರ ಸೊಪ್ಪು ಮೇಯಿಸಿದರು, ಇದರ ನೆರಳಿನಲ್ಲಿ ಪಂಚಾಯಿತಿ ಮಾಡಿದರು. 2019ನ್ನು ಆ ದೇಶ ಸಹಿಷ್ಣುತೆಯ ವರ್ಷವೆಂದು ಘೋಷಿಸಿದಾಗ ಅದರ ಗುರುತಾಗಿ ಆರಿಸಿಕೊಂಡದ್ದೂ ಈ ಮರವನ್ನೇ. ಮೌಶಿ ಸುತ್ತ ನೋಡಿ ಒಂದು ಎಲೆ ಕಿತ್ತು ಡ್ರೈವರನ ಕೈಗಿಟ್ಟು ನಮಸ್ಕಾರ ಮಾಡಿದರು. ಅವನಿಗೆ ಇದ್ಯಾವುದೂ ತಿಳಿಯದು. ಆದರೂ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಜೋಪಾನವಾಗಿ ಇಟ್ಟ.

ಕತ್ತಲಾಗುವ ಹೊತ್ತಿಗೆ ಕ್ಯಾಂಪು. ಸುತ್ತ ಗೋಡೆ, ನಡುವೆ ರಂಗ, ನೆಲದ ಮೇಲೆ ಜಮಖಾನೆ, ಕುಳ್ಳ ಮೇಜು, ಒರಗುದಿಂಬು. ಇಲ್ಲಿಂದ ಮುಂದಿನದೆಲ್ಲ ಕಂಪನಿ ನಾಟಕ. ಯಾವ ಪಾತ್ರ ಯಾವಾಗ ಬರಬೇಕು, ಯಾವ ಹಾಡಿಗೆ ಚಪ್ಪಾಳೆ ಬೀಳಬೇಕು ಎಲ್ಲ ಮೊದಲೇ ಗೊತ್ತು. ಬಾಗಿಲಲ್ಲಿ ಖರ್ಜೂರ ಮತ್ತು ಗಹ್ವಾ. ಗಹ್ವಾ ಎಂದರೆ ತಿಳಿಯಾಗಿ ಹುರಿದ ಬೀಜದ, ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಾಫಿ. ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಒಂದೆರಡು ಗುಟುಕು ಮಾತ್ರ ಸುರಿಯುತ್ತಾರೆ. ಜಿಪುಣತನವಲ್ಲ, ರಿವಾಜು. ಸಾಕೆನ್ನಲು ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು, ಸುಮ್ಮನೆ ಚಾಚಿದರೆ ಮತ್ತೆ ತುಂಬುತ್ತಲೇ ಇರುತ್ತಾರೆ.

ಒಂಟೆ ಸವಾರಿ ಎಂದರೆ ಒಂದು ಸಣ್ಣ ಸುತ್ತು. ಅದರಲ್ಲಿ ಸವಾರಿಗಿಂತ ಏಳುವುದೇ ಹೆಚ್ಚು. ಒಂಟೆ ಹಿಂಗಾಲು ಮೊದಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆದ್ದರಿಂದ ಏಳುವಾಗ ಹಿಂದಕ್ಕೆ ವಾಲಬೇಕು. ಪಕ್ಕದಲ್ಲಿ ಕಣ್ಣಿಗೆ ತೊಗಲಿನ ಟೋಪಿ ಹಾಕಿಸಿಕೊಂಡ ಗಿಡುಗ, ಕೈಮೇಲೆ ಕೂರಿಸಿಕೊಂಡು ಫೋಟೋ. ಪಾಪ, ಅದರ ಪೂರ್ವಿಕರದು ಬೇರೆ ಬದುಕು. ಶರತ್ಕಾಲದಲ್ಲಿ ವಲಸೆ ಬಂದ ಗಿಡುಗವನ್ನು ಬೆದೂಯಿನರು ಹಿಡಿದು ಪಳಗಿಸಿ, ಚಳಿಗಾಲವೆಲ್ಲ ಅದರಿಂದ ಬೇಟೆಯಾಡಿಸಿ, ಬೇಸಿಗೆಗೆ ಮುಂಚೆ ಹಾರಿಬಿಡುತ್ತಿದ್ದರು. ಈಗ ಆ ದೇಶದಲ್ಲಿ ಗಿಡುಗಕ್ಕೆ ಪಾಸ್‌ಪೋರ್ಟ್ ಮಾಡಿಸುತ್ತಾರೆ, ಅದು ವಿಮಾನದಲ್ಲೂ ಓಡಾಡುತ್ತದೆ.

ಬುಕಿಂಗಿನ ದುಡ್ಡಿನಲ್ಲಿ ಏನು ಸೇರಿದೆ, ಏನಿಲ್ಲ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಕ್ವಾಡ್ ಬೈಕು, ಗಿಡುಗದ ಫೋಟೋ, ಮುಂದಿನ ಸಾಲಿನ ಸೋಫಾ, ಇವಕ್ಕೆಲ್ಲ ಹೆಚ್ಚಾಗಿ ಬೇರೆ ದಿರ್ಹಮ್. ದಿರ್ಹಮನ್ನು ರೂಪಾಯಿಗೆ ಗುಣಿಸುತ್ತ ಕೂತರೆ ಊಟ ಸೇರುವುದಿಲ್ಲ. ಅಂದಹಾಗೆ ಈ ಗುಣಾಕಾರವೇ ಬೇಡವಾಗಿದ್ದ ಕಾಲವೊಂದಿತ್ತು. 1966ರವರೆಗೆ ದುಬೈಯಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಕೊಲ್ಲಿಗೆಂದೇ 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಬೇರೆ ನೋಟು ಅಚ್ಚು ಹಾಕಿಸಿತ್ತು. ಅದೇ 1966ರಲ್ಲಿ ದುಬೈಗೆ ಎಣ್ಣೆಯೂ ಸಿಕ್ಕಿತು. ಆಮೇಲಿನ ಕತೆ ಎಲ್ಲರಿಗೂ ಗೊತ್ತು.

ಊಟದ ಬಗ್ಗೆ ಹೆದರಿಕೆ ಬೇಡ. ಸಸ್ಯಾಹಾರದ ಸಾಲು ಬೇರೆಯಾಗಿ ಇರುತ್ತದೆ: ಅನ್ನ, ದಾಲ್, ಹುಮುಸ್, ಖುಬ್ಸ್, ಸಲಾಡ್. ಕೆಂಡದ ಮೇಲೆ ಸುಟ್ಟ ಮಾಂಸದ ಸಾಲು ಇನ್ನೊಂದು ಕಡೆ, ಅದಕ್ಕೇ ಕ್ಯೂ ಉದ್ದ. ತಿನ್ನುತ್ತಿರುವಾಗ ರಂಗದ ಮೇಲೆ ಬೆಲ್ಲಿ ಡ್ಯಾನ್ಸ್, ಬಣ್ಣದ ದೀಪದ ಲಂಗ ತೊಟ್ಟು ಗಿರಗಿರ ಸುತ್ತುವ ತನೂರಾ, ಕೊನೆಗೆ ಬೆಂಕಿಯಾಟ. ರಮಜಾನ್ ತಿಂಗಳಲ್ಲಿ ಹಾಡು ಕುಣಿತ ಇರುವುದಿಲ್ಲ, ಅದು ಗೊತ್ತಿರಲಿ. ಬೆಲ್ಲಿ ಡ್ಯಾನ್ಸ್, ತನೂರಾ ಎರಡೂ ಈಜಿಪ್ಟಿನ ನಂಟಿನವು. ಆ ನೆಲದ್ದೇ ಆದ ಅಯ್ಯಾಲಾ, ಗಂಡಸರು ಎರಡು ಸಾಲಾಗಿ ಎದುರುಬದುರು ನಿಂತು ಬಿದಿರ ಕೋಲು ಹಿಡಿದು ತಲೆಯಾಡಿಸುತ್ತ ಹಾಡುವುದು, 2014ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ನಾವು ಕಂಡ ರಂಗದ ಮೇಲೆ ಅದಕ್ಕೆ ಜಾಗವಿರಲಿಲ್ಲ. ಡ್ರೈವರ್ ಪೇಶಾವರದವನು, ಬಡಿಸಿದವರು ಕೇರಳದವರು, ಹಾಕಿದ ಹಾಡು ಹಿಂದಿ. ಆ ಊರಿನವರೊಬ್ಬರೂ ಇಲ್ಲದ ಆ ಊರಿನ ನಾಟಕ.

ವಿಲ್ಫ್ರೆಡ್ ಥೆಸಿಜರ್ ಇದನ್ನು ನೋಡಿದ್ದರೆ ಎದ್ದು ಹೋಗುತ್ತಿದ್ದರು. 1940ರ ದಶಕದ ಕೊನೆಗೆ ಬೆದೂಯಿನ ಸಂಗಾತಿಗಳ ಜೊತೆ ಒಂಟೆಯ ಮೇಲೆ ‘ಖಾಲಿ ಕಾಲುಭಾಗ’ ಎಂದು ಹೆಸರಾದ ರುಬ್ ಅಲ್ ಖಾಲಿಯನ್ನು ದಾಟಿದವರು ಅವರು. ಹಸಿವು, ನೀರಡಿಕೆ ತಡೆದುಕೊಂಡು ನಡೆದವರು, ಮರುಭೂಮಿಗೆ ಮೋಟಾರು ಬಂದದ್ದನ್ನೇ ಸಹಿಸದವರು. ಅವರ ಬಗ್ಗೆ ನನಗೆ ಗೌರವವಿದೆ, ಒಪ್ಪಿಗೆಯಿಲ್ಲ. ಬೆದೂಯಿನರು ಹಸಿದದ್ದು ಯಾರೋ ಮೆಚ್ಚಲಿ ಎಂದಲ್ಲ. ಪಿಕಪ್ ಗಾಡಿ ಬಂದ ತಕ್ಷಣ ಅವರೇ ಸಂತೋಷದಿಂದ ಹತ್ತಿ ಕೂತರು. ಪೇಶಾವರದ ಹುಡುಗ ಮನೆಗೆ ಹಣ ಕಳಿಸುವುದು ಈ ನಾಟಕದಿಂದಲೇ.

ಒಂಬತ್ತರ ಹೊತ್ತಿಗೆ ವಾಪಸು. ಹೆದ್ದಾರಿ ಮುಟ್ಟುವ ಮೊದಲು ಟೈರಿಗೆ ಮತ್ತೆ ಗಾಳಿ ತುಂಬಲು ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಪಕ್ಕದ ಅಂಗಡಿಯ ಕರಕ್ ಚಹಾ ಕುಡಿಯದೆ ಬರಬಾರದು. ಡಬ್ಬದ ಹಾಲು, ಏಲಕ್ಕಿ, ಕುದಿಸಿ ಕುದಿಸಿ ಕಡಕ್ ಆದದ್ದು. ಮೌಶಿಯ ಮುಖ ಅಲ್ಲಿ ಅರಳಿತು. ಅದೇ ಹದ ನೋಡಿ ನಾನು ನನ್ನ ಪುರಾಣ ತೆಗೆದೆ. ಮುಂದಿನ ಸಲ 2003ರಲ್ಲಿ ಶುರುವಾದ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶಕ್ಕೆ ಹೋಗೋಣ, 225 ಚದರ ಕಿಲೋಮೀಟರು, ಕೆಲವೇ ಗಾಡಿಗಳಿಗೆ ಒಳಗೆ ಬಿಡುತ್ತಾರೆ, 1972ರಲ್ಲಿ ಕಾಡಿನಿಂದಲೇ ಅಳಿದುಹೋಗಿದ್ದ ಅರೇಬಿಯನ್ ಆರಿಕ್ಸ್ ಜಿಂಕೆಯನ್ನು ಸಾಕಿ ಬೆಳೆಸಿ ಅಲ್ಲಿ ಬಿಟ್ಟಿದ್ದಾರೆ, ಗಾಡಿ ನಿಧಾನಕ್ಕೆ ಹೋಗುತ್ತದೆ, ಕುಣಿಸುವುದಿಲ್ಲ, ಬನ್ನಿ ಮರಗಳೂ ಬೇಕಾದಷ್ಟಿವೆ ಎಂದೆ.

ಮೌಶಿ ಚಹಾದ ಲೋಟ ಬರಿದು ಮಾಡಿ ಅಂದರು: “ಕುಣಸಂಗಿಲ್ಲ ಅಂದ್ರ ನಾ ಯಾಕ ಬರ್ಲೋ? ನೀ ಹೋಗಿ ಬಾ. ನಾ ಈ ಹುಡುಗನ ಗಾಡ್ಯಾಗ ಇನ್ನೊಮ್ಮೆ ಹೋಗ್ತೀನಿ, ಈ ಸಲ ಮುಂದಿನ ಸೀಟು ನನಗ.”