ಬನ್ನಿ ಕೊಡುವ ಸಂಜೆ

ವಿಜಯದಶಮಿಯ ಸಂಜೆ ಕುರ್ತಕೋಟಿಯ ನಮ್ಮ ಮನೆಯ ಬಾಗಿಲು ಹಾಕುವುದಿಲ್ಲ. ಪಾಂಡವರು ಆಯುಧ ಬಚ್ಚಿಟ್ಟರೆಂಬ ಮರದ ಎಲೆ ಹಿಡಿದು ಓಣಿಯೆಲ್ಲ ಬರುತ್ತದೆ: ‘ಬನ್ನಿ ತೊಗೊಂಡು ಬಂಗಾರದಂಗ ಇರೋಣು.’ ಬದುವಿನ ಜಗಳದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯ ಕಾಕಾ ಒಮ್ಮೆ ಹೀಗೆಯೇ ಬಂದು ಅಪ್ಪನ ಕೈಗೆ ಬನ್ನಿಯಿಟ್ಟರು. ಅವ್ವ ಚಹಾಕ್ಕಿಟ್ಟಳು. ಬದುವಿನ ಮಾತು ಯಾರೂ ಎತ್ತಲಿಲ್ಲ. ಅದಿನ್ನೂ ಬಗೆಹರಿದಿಲ್ಲ ಬಿಡಿ.

ಧಾರವಾಡದಲ್ಲಿ ಪಿಎಚ್‌.ಡಿ.ಗಾಗಿ ಹಬ್ಬಗಳ ಸೌಹಾರ್ದದ ಬಗ್ಗೆ ಓದುವಾಗ ನನ್ನನ್ನು ಕಾಡುವುದು ನಮ್ಮ ಹೊಸ್ತಿಲು. ಬನ್ನಿ ಎಲ್ಲರ ಜೊತೆಗೂ ಬದಲಾಗುತ್ತಿತ್ತು. ಆದರೆ ಕೆಲವರೊಂದಿಗೆ ಪಡಸಾಲೆಯಲ್ಲಿ, ಕೆಲವರೊಂದಿಗೆ ಹೊರಗಿನ ಕಟ್ಟೆಯ ಮೇಲೆ.

ಕಳೆದ ದಸರೆಗೆ ನಮ್ಮ ಹೊಲದ ಕೆಲಸಕ್ಕೆ ಬರುವ ಅಕ್ಕ ಕಟ್ಟೆಯ ಬಳಿ ನಿಂತಿದ್ದಳು. ‘ಹೊರಗ್ಯಾಕ ನಿಂತಿ, ಬಾ ಒಳಗ’ ಎಂದು ಅವ್ವ ಚಾಪೆ ಹಾಸಿದಳು. ನಾವೆಲ್ಲ ಅಜ್ಜಿಯ ಮುಖ ನೋಡಿದೆವು. ಅಜ್ಜಿ ಏನೂ ಅನ್ನದೆ, ಕೋಲೂರಿ ಎದ್ದು ಬಂದು, ಆಕೆಯ ಕೈಯಿಂದ ಬನ್ನಿ ಇಸಿದುಕೊಂಡಳು.