ಕೆಲಸ ಕಳೆದುಕೊಂಡ ನಾಯಿಗಳು

ನಮ್ಮೂರು ಮುಧೋಳದ ಕಡೆ ಎಂದು ಕನ್ನಡಿಗರ ಮುಂದೆ ಹೇಳಿದರೆ ರನ್ನನ ಮಾತು ಬರುತ್ತದೆ. ಪುಣೆಯ ಸ್ವಾರಗೇಟಿನಲ್ಲಿ ಹೇಳಿದರೆ ನಾಯಿಯ ಮಾತು ಬರುತ್ತದೆ. ರಿಕ್ಷಾದವರು, ಹಣ್ಣಿನ ಗಾಡಿಯವರು, ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ–ಬೆಳಗಾವಿ ಗಾಡಿಗೆ ಕಾಯುತ್ತ ಪಕ್ಕದಲ್ಲಿ ಕುಳಿತವರು, ಎಲ್ಲರೂ ಒಂದು ಮರಿ ಸಿಕ್ಕೀತೇ ಎಂದು ಕೇಳುತ್ತಾರೆ. ಯಾತಕ್ಕೆ ಎಂದರೆ ಕಾವಲಿಗೆ ಎನ್ನುತ್ತಾರೆ. ಬಂಗಲೆಗೆ ಕಾವಲು, ಫಾರ್ಮ್‌ಹೌಸಿಗೆ ಕಾವಲು, ಗೋದಾಮಿಗೆ ಕಾವಲು.

ನಮ್ಮ ನಾಯಿಗೆ ಇಷ್ಟು ಹೆಸರಿದೆಯೆಂದು ಸಂತೋಷವಾಗುತ್ತದೆ. ಆದರೆ ಆ ಉತ್ತರ ಕೇಳಿದಾಗಲೆಲ್ಲ ಮನಸ್ಸಿಗೆ ಕಸಿವಿಸಿ. ಮುಧೋಳ ನಾಯಿ ಹುಟ್ಟಿದ್ದು ಗೇಟಿನ ಮುಂದೆ ಕೂರುವುದಕ್ಕಲ್ಲ, ಓಡುವುದಕ್ಕೆ.

ಅದರ ಮೈಕಟ್ಟು ನೋಡಿದರೇ ಇದು ತಿಳಿಯುತ್ತದೆ. ಉದ್ದನೆಯ ಕಿರಿದಾದ ತಲೆ, ದೂರದ್ದನ್ನು ಹಿಡಿಯುವ ಕಣ್ಣು, ಆಳವಾದ ಎದೆ, ಬೆನ್ನಿಗೆ ಅಂಟಿದಂತೆ ಮೇಲಕ್ಕೆ ಸೇದಿಕೊಂಡ ಹೊಟ್ಟೆ. ಭುಜದ ಎತ್ತರ ಸುಮಾರು 70 ಸೆಂಟಿಮೀಟರ್. ತೂಕ ಮಾತ್ರ 25 ಕಿಲೋ ಆಸುಪಾಸು. ಹೊಸಬರು ಪಕ್ಕೆಲುಬು ಎಣಿಸಿ, ಪಾಪ, ಇದಕ್ಕೆ ಊಟ ಹಾಕುವುದಿಲ್ಲವೇ ಎನ್ನುತ್ತಾರೆ. ಹಾಗೆ ಕಾಣುವುದೇ ಅದರ ಆರೋಗ್ಯ. ಬಯಲಲ್ಲಿ ಮೊಲ ಎದ್ದ ಕ್ಷಣದಲ್ಲಿ ಆ ದೇಹ ಬಿಲ್ಲಿನಂತೆ ಬಾಗಿ, ಮರುಕ್ಷಣ ನೀಳವಾಗಿ, ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ವಾಸನೆ ಹಿಡಿದು ಬೆನ್ನಟ್ಟುವ ನಾಯಿ ಬೇರೆ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಕಂಡರೆ ಓಡುತ್ತದೆ, ಕಾಣದಿದ್ದರೆ ನೆರಳಲ್ಲಿ ಮಲಗುತ್ತದೆ.

ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. ವ್ಯಾಪಾರಿಗಳ ತಂಡಗಳ ಜೊತೆ ಪಡುವಣದ ಒಣನಾಡುಗಳಿಂದ ದಖನ್ನಿಗೆ ಬಂದ ನಾಯಿಗಳ ಸಂತತಿ ಇದು ಎಂಬ ಮಾತು ಆ ಹೆಸರಿನ ಹಿಂದಿದೆ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿ ಇಂಥ ನಾಯಿಗಳನ್ನು ಕಂಡು, ಮೆಚ್ಚಿ, ಅರಮನೆಯಲ್ಲಿ ತಳಿ ಬೆಳೆಸಿದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಅವರು ಒಂದು ಜೋಡಿ ಕಾಣಿಕೆ ಕೊಟ್ಟ ಮೇಲೆ ಮುಧೋಳದ ಹೆಸರು ನಾಯಿಗೆ ಗಟ್ಟಿಯಾಗಿ ಅಂಟಿತು. ಇದು 1937ರಲ್ಲಿ ನಡೆಯಿತು ಎಂದು ಬಹಳ ಕಡೆ ಬರೆಯುತ್ತಾರೆ. ಐದನೇ ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ. ಆದ್ದರಿಂದ ಆ ಕಾಣಿಕೆ ಅದಕ್ಕೂ ಮುಂಚಿನದೇ ಆಗಿರಬೇಕು. ಪ್ರೀತಿಯ ವಿಷಯದಲ್ಲೇ ಇಸವಿ ಸರಿಯಾಗಿರಬೇಕು ಎಂದು ನನ್ನ ಹಟ.

1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಅರಮನೆಯ ಆಸರೆ ಹೋಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕ್ರಮೇಣ ಮೊಲದ ಬೇಟೆಯೂ ಅಪರಾಧವಾಯಿತು. ಕಾಯ್ದೆ ಬೇಕಾದದ್ದೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನೂರಾರು ವರ್ಷ ಒಂದೇ ಕೆಲಸಕ್ಕೆಂದು ರೂಪುಗೊಂಡ ಪ್ರಾಣಿ ಅಂದಿನಿಂದ ನಿರುದ್ಯೋಗಿಯಾಯಿತು. ಆಗ ರೈತರು ಅದನ್ನು ಕಬ್ಬಿನ ತೋಟಕ್ಕೆ ಕರೆದೊಯ್ದರು. ಹಂದಿ ಓಡಿಸಲು, ಪಂಪ್‌ಸೆಟ್ಟಿನ ತಂತಿ ಕಾಯಲು. ತೋಟದಲ್ಲಿ ಅದಕ್ಕೆ ಬಯಲಿತ್ತು, ಜೋಳದ ನುಚ್ಚು–ಹಾಲು ಇತ್ತು, ಹಿಂದೆ ಮುಂದೆ ಓಡಾಡುವ ಮನೆಮಂದಿ ಇದ್ದರು. ಅಲ್ಲಿಯವರೆಗೆ ಚೆನ್ನಾಗಿಯೇ ನಡೆಯಿತು. ತೋಟದಿಂದ ಪಟ್ಟಣದ ಗೇಟಿಗೆ ಬಂದಾಗ ತೊಂದರೆ ಶುರುವಾಯಿತು.

ಸ್ವಾರಗೇಟಿನ ಗದ್ದಲ ದಾಟಿ ಮುಕುಂದನಗರದ ಓಣಿಗಳಿಗೆ ಹೊಕ್ಕರೆ ಮರಗಳ ನೆರಳು, ಹಳೆಯ ಬಂಗಲೆಗಳು. ಸಂಜೆ ಅಲ್ಲಿ ತಿರುಗಾಡುವುದು ನನ್ನ ರೂಢಿ. ಒಂದು ಬಂಗಲೆಯ ಗೇಟಿನಲ್ಲಿ ರಾಟ್‌ವೈಲರ್ ಇದೆ. ಕಪ್ಪು ಮೈ, ಕೆನ್ನೆಗೂ ಎದೆಗೂ ಕಾಲಿಗೂ ತುಕ್ಕಿನ ಬಣ್ಣ, ಅಗಲವಾದ ತಲೆ. ಎತ್ತರದಲ್ಲಿ ನಮ್ಮ ಮುಧೋಳ ನಾಯಿಗಿಂತ ತುಸು ಕಡಿಮೆಯೇ. ತೂಕದಲ್ಲಿ ಎರಡು ಪಟ್ಟು. ಗಂಡು ರಾಟ್‌ವೈಲರ್ 50 ಕಿಲೋ ಸಲೀಸಾಗಿ ತೂಗುತ್ತದೆ. ಅದರ ಸರಪಳಿ ತಲುಪುವಷ್ಟು ದೂರಕ್ಕೆ ಅಂಗಳದ ಹುಲ್ಲು ಸವೆದು ಅರ್ಧಚಂದ್ರದ ಆಕಾರದಲ್ಲಿ ಕೆಂಪು ಮಣ್ಣು ಕಾಣುತ್ತದೆ. ಕೊರಳಪಟ್ಟಿಯ ಕೆಳಗೆ ಕೂದಲು ಉದುರಿ ಚರ್ಮ ದಡ್ಡುಗಟ್ಟಿದೆ. ಯಾರೇ ಹಾದುಹೋದರೂ ಎದ್ದು ಸರಪಳಿ ಬಿಗಿಯಾಗುವವರೆಗೆ ನುಗ್ಗುತ್ತದೆ.

ಅಲ್ಲಿಯ ವಾಚ್‌ಮನ್ ವಿಜಯಪುರ ಜಿಲ್ಲೆಯವನು. ನನ್ನ ಮಾತಿನ ಧಾಟಿ ಕೇಳಿ ಗುರುತು ಹಿಡಿದು, ಕಾಕಾ ಎಂದು ಕರೆಯುತ್ತಾನೆ.

“ಕಚ್ಚತೈತೇನಪಾ?” ಎಂದೆ ಒಮ್ಮೆ.

“ಕಚ್ಚೂ ನಾಯಿ ಅಲ್ರೀ ಕಾಕಾ ಇದು. ಇದಕ್ಕ ಬ್ಯಾಸರ ಬಂದೈತಿ. ಮುಂಜಾನಿ ಬಿಚ್ಚಿದ್ರ ಹುಚ್ಚ ಹಿಡದಂಗ ಓಡತೈತಿ. ಆಮ್ಯಾಲ ನನ್ನ ಕಾಲ ಮ್ಯಾಲ ತಲಿ ಇಟ್ಟ ಮಲಗತೈತಿ. ಸಾಹೇಬ್ರು ಎದ್ದು ಬರೂದ್ರಾಗ ಮತ್ತ ಕಟ್ಟಬೇಕು.”

ಯಾಕೆ ಕಟ್ಟಬೇಕು ಎಂದು ಕೇಳಿದ್ದಕ್ಕೆ, ಬಿಟ್ಟರೆ ನಾಯಿ ಮೆತ್ತಗಾಗುತ್ತದೆ, ಕಟ್ಟಿದರೆ ಖಾರವಾಗುತ್ತದೆ ಎಂದು ಸಾಹೇಬರು ನಂಬಿದ್ದಾರೆ ಎಂದ. ಈ ನಂಬಿಕೆ ಒಬ್ಬ ಸಾಹೇಬರದಲ್ಲ. ನಮ್ಮ ಹಳ್ಳಿಗಳಲ್ಲೂ ಇದೆ, ಪಟ್ಟಣಗಳಲ್ಲೂ ಇದೆ.

ಆ ರಾಟ್‌ವೈಲರ್‌ನ ಪೂರ್ವಜರ ಚರಿತ್ರೆ ಓದಿದಾಗ ನನಗೆ ಮುಧೋಳ ನಾಯಿಯ ಕಥೆಯನ್ನೇ ಇನ್ನೊಮ್ಮೆ ಕೇಳಿದ ಹಾಗಾಯಿತು. ದಕ್ಷಿಣ ಜರ್ಮನಿಯಲ್ಲಿ ನೆಕಾರ್ ನದಿಯ ದಡಕ್ಕೆ ರಾಟ್‌ವೈಲ್ ಎಂಬ ಊರಿದೆ. ರೋಮನ್ನರ ಕಾಲದಿಂದಲೂ ಇರುವ ಊರು, ಮಧ್ಯಯುಗದಲ್ಲಿ ದನದ ಸಂತೆಗೆ ಹೆಸರಾದದ್ದು. ಅಲ್ಲಿಯ ಕಟುಕರು ಸಾಕಿದ ನಾಯಿ ಇದು. ದೂರದ ಹಳ್ಳಿಗಳಿಂದ ದನ ಹೊಡೆದುಕೊಂಡು ಬರುವುದು, ಮಾಂಸದ ಗಾಡಿ ಎಳೆಯುವುದು ಅದರ ಕೆಲಸ. ಸಂತೆಯಿಂದ ಮರಳುವ ಕಟುಕ ಹಣದ ಚೀಲವನ್ನು ನಾಯಿಯ ಕೊರಳಿಗೆ ಕಟ್ಟುತ್ತಿದ್ದ, ಕಳ್ಳರು ಅದಕ್ಕೆ ಕೈ ಹಾಕುತ್ತಿರಲಿಲ್ಲ ಎಂಬ ಕಥೆಯೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂತು. ದನಗಳು ರೈಲಿನಲ್ಲಿ ಹೋಗತೊಡಗಿದವು; ರಸ್ತೆಯಲ್ಲಿ ದನ ಹೊಡೆಯುವುದನ್ನು ನಿಷೇಧಿಸಿದರು. ನಾಯಿಯ ಕೆಲಸ ಹೋಯಿತು. 1882ರಲ್ಲಿ ಹೈಲ್‌ಬ್ರಾನ್ ಪಟ್ಟಣದ ಶ್ವಾನ ಪ್ರದರ್ಶನಕ್ಕೆ ಬಂದದ್ದು ಒಂದೇ ಒಂದು ರಾಟ್‌ವೈಲರ್, ಅದೂ ಸೊರಗಿದ್ದು. ತಳಿ ಅಳಿದೇ ಹೋಗುವುದರಲ್ಲಿತ್ತು. 1910ರಲ್ಲಿ ಪೊಲೀಸ್ ನಾಯಿಯೆಂದು ಮಾನ್ಯತೆ ಸಿಕ್ಕಿ ಉಳಿದುಕೊಂಡಿತು. 1921ರಲ್ಲಿ ಜರ್ಮನಿಯ ರಾಟ್‌ವೈಲರ್ ಸಂಘಗಳು ಒಂದಾದವು. ಮುಂದೆ ಅದು ಲೋಕದ ತುಂಬ ಹರಡಿತು, ಕಾವಲುಗಾರನ ವೇಷದಲ್ಲಿ.

ಕೆಟ್ಟ ಹೆಸರು ಆಮೇಲೆ ಬಂತು. 1976ರಲ್ಲಿ ತೆರೆಕಂಡ ‘ದಿ ಓಮನ್’ ಎಂಬ ಹಾಲಿವುಡ್ ಚಿತ್ರ ರಾಟ್‌ವೈಲರ್‌ಗಳನ್ನು ಸೈತಾನನ ಕಾವಲಿಗೆ ನಿಲ್ಲಿಸಿತು. ಭಯಂಕರ ನಾಯಿ ಬೇಕೆನ್ನುವವರೆಲ್ಲ ಅದನ್ನೇ ಹುಡುಕಿದರು. ಬೇಡಿಕೆ ನೋಡಿ ಮರಿ ಮಾರುವವರು ಸ್ವಭಾವ ನೋಡದೆ ತಳಿ ಮಾಡಿದರು. ಅನಾಹುತಗಳೂ ನಡೆದವು, ಅದನ್ನು ಮುಚ್ಚಿಡುವಂತಿಲ್ಲ. 2024ರ ಮೇ ತಿಂಗಳಲ್ಲಿ ಚೆನ್ನೈನ ಒಂದು ಪಾರ್ಕಿನಲ್ಲಿ ಎರಡು ರಾಟ್‌ವೈಲರ್‌ಗಳು ಐದು ವರ್ಷದ ಮಗುವನ್ನು ಕಚ್ಚಿ ಘಾಸಿಗೊಳಿಸಿದವು. ಅಷ್ಟು ಬಲದ ದವಡೆ ಮಗುವಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸ್ವಭಾವ ಎಷ್ಟೇ ಒಳ್ಳೆಯದಿರಲಿ, 50 ಕಿಲೋದ ನಾಯಿಯನ್ನು ಹಗ್ಗವಿಲ್ಲದೆ ಬೀದಿಗೆ ತರುವವನು ತಪ್ಪಿತಸ್ಥನೇ.

ಅದಕ್ಕೆ ಎರಡು ತಿಂಗಳು ಮೊದಲು, 2024ರ ಮಾರ್ಚ್ 12ರಂದು, ಕೇಂದ್ರ ಪಶುಸಂಗೋಪನಾ ಇಲಾಖೆ ರಾಟ್‌ವೈಲರ್ ಸೇರಿದಂತೆ 23 ಬಗೆಯ ನಾಯಿಗಳ ಆಮದು, ಮಾರಾಟ, ಸಂತಾನೋತ್ಪತ್ತಿ ನಿಲ್ಲಿಸಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ನನಗೆ ಆ ತೀರ್ಪು ಸರಿ ಎನಿಸಿತು. ತಳಿಯ ಹೆಸರು ಬರೆದು ನಿಷೇಧಿಸುವುದು ಸುಲಭ. ಆದರೆ ಮುಕುಂದನಗರದ ಆ ಸರಪಳಿಯ ತುದಿಗೆ ಪಟ್ಟಿಯಲ್ಲಿಲ್ಲದ ಬೇರೆ ಯಾವ ನಾಯಿಯನ್ನು ಕಟ್ಟಿದರೂ, ನಮ್ಮ ಮುಧೋಳದ್ದನ್ನೇ ಕಟ್ಟಿದರೂ, ಒಂದು ವರ್ಷದಲ್ಲಿ ಅದು ಹಾದುಹೋಗುವವರ ಮೇಲೆ ನುಗ್ಗತೊಡಗುತ್ತದೆ. ಕಟ್ಟಿದ ನಾಯಿಗೆ ಓಡಿಹೋಗುವ ದಾರಿ ಇಲ್ಲ. ಅಂಜಿದಾಗ ಅದಕ್ಕೆ ಉಳಿಯುವುದು ಕಚ್ಚುವ ದಾರಿ ಮಾತ್ರ. ನಾಯಿ ಬಲ್ಲವರು ಇದನ್ನು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ.

ಕೆಲಸ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ಕಣ್ಣ ಮುಂದೆಯೇ ಉದಾಹರಣೆ ಇದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಅಲ್ಲಿಯ ಮರಿಗಳು 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಆಮೇಲೆ ವಾಯುಪಡೆ ರನ್‌ವೇ ಮೇಲಿನ ಹಕ್ಕಿ, ಪ್ರಾಣಿಗಳನ್ನು ಓಡಿಸಲು ಮುಧೋಳ ನಾಯಿಗಳನ್ನು ತೆಗೆದುಕೊಂಡಿತು. ಓಡುವುದಕ್ಕೇ ಹುಟ್ಟಿದ ನಾಯಿಗೆ ವಿಮಾನ ನಿಲ್ದಾಣದಂಥ ಬಯಲು! ಆ ಸುದ್ದಿ ಓದಿದ ದಿನ ನನಗಾದ ಹಿಗ್ಗು ಹೇಳತೀರದು. ಗಡಿ ಭದ್ರತಾ ಪಡೆ ಪಳಗಿಸಿದ ರಿಯಾ ಎಂಬ ಮುಧೋಳ ನಾಯಿ 2024ರ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ವಿದೇಶಿ ತಳಿಗಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದಿತು. ಈ ತಳಿ ಮೊಂಡು, ಕಲಿಸಿದ್ದನ್ನು ಕಲಿಯದು ಎನ್ನುವವರಿಗೆ ಬೇರೆ ಉತ್ತರ ಬೇಕಾಗಿಲ್ಲ.

ಇತ್ತೀಚೆಗೆ ಆ ವಾಚ್‌ಮನ್ ನನ್ನನ್ನು ಒಂದು ಮಾತು ಕೇಳಿದ: ನಾಯಿ ಕಟ್ಟಬಾರದೆಂದು ಕಾನೂನು ಇದೆಯಂತಲ್ಲ, ಖರೇನೇ? ಖರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಇದೆ. ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಬಿಚ್ಚಿ ಓಡಾಡಿಸದಿರುವುದೂ ಮಾಲೀಕನ ಅಪರಾಧ. ಇದನ್ನು ಸಾಹೇಬರಿಗೆ ಹೇಳಲು ಅವನಿಗೆ ಧೈರ್ಯವಿಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಹೇಳಬೇಕಾದವರು ನೆರೆಹೊರೆಯವರು, ನನ್ನಂಥವರು. ಕಲಮನ್ನು ಮರಾಠಿಯಲ್ಲಿ ಬರೆಸಿ, ಚೀಟಿ ಹಿಡಿದು ಆ ಬಂಗಲೆಗೆ ಹೋಗುವವನಿದ್ದೇನೆ.

ಮರಿ ಬೇಕೆಂದು ಕೇಳುವ ಸ್ನೇಹಿತರಿಗೂ ಒಂದು ಮಾತು. ಮುಧೋಳದ್ದಾಗಲಿ, ರಾಟ್‌ವೈಲರ್ ಆಗಲಿ, ಮರಿಯ ಬೆಲೆ ವಿಚಾರಿಸುವ ಮೊದಲು ನಿಮ್ಮ ಮುಂಜಾವಿನ ಒಂದು ತಾಸು ಅದಕ್ಕೆ ಕೊಡಬಲ್ಲಿರಾ ಎಂದು ವಿಚಾರ ಮಾಡಿ. ಕೊಡಬಲ್ಲಿರಾದರೆ ತಿಮ್ಮಾಪುರಕ್ಕೆ ಹೋಗಿ, ತಾಯಿನಾಯಿಯ ಸ್ವಭಾವ ನೋಡಿ ಮರಿ ತನ್ನಿ. ಆಗದಿದ್ದರೆ ಗೇಟಿಗೆ ಒಳ್ಳೆಯ ಬೀಗ ಹಾಕಿಸಿ, ಒಂದು ಕ್ಯಾಮೆರಾ ಕೂಡಿಸಿ. ಕಾವಲಿಗೆ ಅಷ್ಟು ಸಾಕು.